ದಾಳ ಬದಲಾಯಿಸಿದರೆ ಕಾಳಗ ಬದಲಾಗುತ್ತದೆಯೇ?

ಪ್ರಶ್ನೆ: ನಾವು ಐದು ಜನ ಗೆಳೆಯರು ಒಂದೂವರೆ ವರ್ಷದಿಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಕಥೆಯ ಆಟ) ಐದನೇ ಆವೃತ್ತಿ ಆಡುತ್ತಿದ್ದೇವೆ. ಆಟ ನಡೆಸುವ ಗೇಮ್ ಮಾಸ್ಟರ್ ನಾನೇ. ಕಥೆ ಚೆನ್ನಾಗಿ ಓಡುತ್ತದೆ. ಆದರೆ ಕಾಳಗ ಶುರುವಾದರೆ ಒಂದೂವರೆ ಗಂಟೆ ಅಲ್ಲೇ ನಿಂತುಬಿಡುತ್ತೇವೆ. ಒಬ್ಬ ಗೆಳೆಯ "ಇಪ್ಪತ್ತು ಮುಖದ ದಾಳ ಅಂದ್ರೆ ಬರೀ ಅದೃಷ್ಟ, ಮೂರು ದಾಳ ಕೂಡಿಸುವ ಆಟಕ್ಕೆ ಹೋಗೋಣ, ಅದು ನಿಜಕ್ಕೆ ಹತ್ತಿರ" ಎನ್ನುತ್ತಾನೆ. ಇನ್ನೊಬ್ಬಳಿಗೆ ಕೈತುಂಬ ದಾಳ ಹಾಕುವ ಆಟ ಬೇಕಂತೆ. ಯಾವ ಆಟದ ದಾಳ ಮತ್ತು ಕಾಳಗದ ನಿಯಮ ಒಳ್ಳೆಯದು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಯಾವ ದಾಳ ಹಾಕಬೇಕು ಅನ್ನುವುದು ಒಂದು. ಕಾಳಗ ಯಾಕೆ ಮುಗಿಯುವುದೇ ಇಲ್ಲ ಅನ್ನುವುದು ಇನ್ನೊಂದು. ಮೊದಲನೆಯದನ್ನು ಬಿಡಿಸಿದರೆ ಎರಡನೆಯದೂ ತಾನಾಗಿ ಬಿಡಿಸಿಕೊಳ್ಳುತ್ತದೆ ಎಂದು ನಿಮ್ಮ ಗೆಳೆಯರು ನಂಬಿದ್ದಾರೆ. ನಾನೂ ಬಹಳ ದಿನ ಹಾಗೇ ನಂಬಿದ್ದೆ. ಈಗ ಹೊಸ ಆಟ ಕೈಗೆ ಬಂದರೆ ದಾಳಕ್ಕೆ ಎಷ್ಟು ಮುಖ ಎಂದು ಮೊದಲು ನೋಡುವುದಿಲ್ಲ. ಒಂದು ಸಲ ದಾಳ ಹಾಕಿದರೆ ಎಷ್ಟು ವಿಷಯ ತೀರ್ಮಾನವಾಗುತ್ತದೆ, ಏಟು ತಪ್ಪಿದಾಗ ಏನಾಗುತ್ತದೆ, ಇವೆರಡನ್ನು ನೋಡುತ್ತೇನೆ.

ಮೊದಲು ಮೂರು ದಾಳದ ಗೆಳೆಯನ ಮಾತು. ಅವರು ಹೇಳುವುದರಲ್ಲಿ ಅರ್ಧ ನಿಜ ಇದೆ.

ಇಪ್ಪತ್ತು ಮುಖದ ಒಂದು ದಾಳದಲ್ಲಿ ಪ್ರತಿ ಅಂಕಿಯೂ ಸಮ. 1 ಬೀಳುವುದೂ 11 ಬೀಳುವುದೂ 20 ಬೀಳುವುದೂ ಶೇ. 5. ಆರು ಮುಖದ ಮೂರು ದಾಳ ಕೂಡಿಸಿದರೆ ಹಾಗಲ್ಲ. ಒಟ್ಟು 216 ಬಗೆಯಲ್ಲಿ ಬೀಳಬಹುದು. ಮೊತ್ತ 3 ಆಗುವುದು ಅದರಲ್ಲಿ ಒಂದೇ ಬಗೆಯಲ್ಲಿ. 10 ಆಗುವುದು 27 ಬಗೆಯಲ್ಲಿ, 11 ಆಗುವುದೂ 27 ಬಗೆಯಲ್ಲಿ. ಅದಕ್ಕೇ ನಡುವಿನ ಅಂಕಿಗಳು ಜಾಸ್ತಿ ಬರುತ್ತವೆ, ಎರಡು ತುದಿಗಳು ಅಪರೂಪ. ಇದೇ ಬೆಲ್ ಕರ್ವ್.

ಆದರೆ ನೀವು ಕೇಳುತ್ತಿರುವುದು "ಏಟು ಬಿತ್ತೋ ಇಲ್ಲವೋ" ಎಂದಷ್ಟೇ ಆದರೆ ಆ ಕರ್ವ್ ಕಣ್ಣಿಗೇ ಬೀಳುವುದಿಲ್ಲ. ಇಪ್ಪತ್ತರ ದಾಳದಲ್ಲಿ 11 ಅಥವಾ ಹೆಚ್ಚು ಬೇಕು ಎಂದರೆ ಶೇ. 50. ಮೂರು ದಾಳದಲ್ಲಿ 10 ಅಥವಾ ಕಡಿಮೆ ಬೇಕು ಎಂದರೂ ಶೇ. 50. ಆಡುವವರಿಗೆ ಸಿಗುವುದು ಹೌದು ಅಥವಾ ಇಲ್ಲ, ಅಷ್ಟೇ. ಅರ್ಧಕ್ಕೆ ಅರ್ಧ ಏಟು ತಪ್ಪುವ ಕತ್ತಿವೀರ ಯಾವ ದಾಳ ಹಿಡಿದರೂ ಅವನ ಅರ್ಧ ಏಟು ತಪ್ಪಿಯೇ ತಪ್ಪುತ್ತದೆ. "ನಿಜಕ್ಕೆ ಹತ್ತಿರ" ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಕರ್ವ್‌ನಿಂದ ಬದಲಾಗುವುದೇನು? ಬೋನಸ್‌ನ ಬೆಲೆ. ಇಪ್ಪತ್ತರ ದಾಳದಲ್ಲಿ ಒಂದು ಅಂಕ ಕೂಡಿಸಿದರೆ ಯಾವಾಗಲೂ ಶೇ. 5 ಲಾಭ. ಮೂರು ದಾಳದ ಆಟದಲ್ಲಿ ನಿಮ್ಮ ಸ್ಕಿಲ್ ಅಂಕದಷ್ಟು ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಗೆಲುವು. ಅಲ್ಲಿ ಸ್ಕಿಲ್ 10 ಇದ್ದದ್ದು 11 ಆದರೆ ಗೆಲ್ಲುವ ಸಾಧ್ಯತೆ ಶೇ. 50ರಿಂದ 62.5ಕ್ಕೆ ಜಿಗಿಯುತ್ತದೆ. 14 ಇದ್ದದ್ದು 15 ಆದರೆ 90.7ರಿಂದ 95.4, ಅಂದರೆ ಐದೂ ತುಂಬುವುದಿಲ್ಲ. ಹೊಸಬನಿಗೆ ಸಣ್ಣ ಸಹಾಯವೂ ದೊಡ್ಡದು. ನುರಿತವನು ಸಣ್ಣ ತೊಂದರೆಗೆ ಅಲುಗಾಡುವುದಿಲ್ಲ. ನಿಮ್ಮ ಗೆಳೆಯರಿಗೆ ಬೇಕಾಗಿರುವುದು ಇದೇ ಇರಬಹುದು, ಕೇಳಿ ನೋಡಿ. ಐದನೇ ಆವೃತ್ತಿಯ ಅಡ್ವಾಂಟೇಜ್ ನಿಯಮದಲ್ಲೂ ಇದರ ನೆರಳಿದೆ. ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಂಡರೆ ಶೇ. 50 ಇದ್ದದ್ದು 75 ಆಗುತ್ತದೆ. 20 ಮಾತ್ರ ಬೇಕಿದ್ದರೆ ಶೇ. 5 ಇದ್ದದ್ದು 9.75ಕ್ಕೆ ನಿಲ್ಲುತ್ತದೆ. ಇಲ್ಲೂ ನಡುವಿನಲ್ಲೇ ಲಾಭ ಜಾಸ್ತಿ.

ಬಿದ್ದ ಅಂಕಿಯನ್ನೇ ನೇರವಾಗಿ ಬಳಸುವ ಕಡೆ ಕರ್ವ್ ಚೆನ್ನಾಗಿ ಕಾಣುತ್ತದೆ. ನಿಮ್ಮದೇ ಆಟದ ಗ್ರೇಟ್‌ಸ್ವೋರ್ಡ್ 2ಡಿ6 ಪೆಟ್ಟು (ಅಂದರೆ ಆರು ಮುಖದ ಎರಡು ದಾಳದ ಮೊತ್ತ), ಗ್ರೇಟ್‌ಆ್ಯಕ್ಸ್ 1ಡಿ12. ಸರಾಸರಿ 7 ಮತ್ತು 6.5. ಕೊಡಲಿಯಲ್ಲಿ 12 ಬೀಳುವುದು ಹನ್ನೆರಡರಲ್ಲಿ ಒಂದು ಸಲ, ಕತ್ತಿಯಲ್ಲಿ ಮೂವತ್ತಾರರಲ್ಲಿ ಒಂದು ಸಲ. ಕೊಡಲಿ ಹಿಡಿದವರು ಯಾಕೆ ಅಷ್ಟು ಕೂಗಾಡುತ್ತಾರೆ ಅಂತ ಈಗ ಗೊತ್ತಾಯಿತಲ್ವಾ?

ಈಗ ನಿಮ್ಮ ಒಂದೂವರೆ ಗಂಟೆಗೆ ಬರೋಣ. ಒಂದನೇ ಹಂತದ ಫೈಟರ್ ಒಬ್ಬನನ್ನು ತೆಗೆದುಕೊಳ್ಳಿ. ದಾಳಿಗೆ ಐದು ಕೂಡಿಸುತ್ತಾನೆ. ಎದುರಿಗೆ ನಿಮ್ಮ ಆವೃತ್ತಿಯ 2014ರ ಪುಸ್ತಕದ ಗಾಬ್ಲಿನ್ ಎಂಬ ಪುಟ್ಟ ರಾಕ್ಷಸ, ಆರ್ಮರ್ ಕ್ಲಾಸ್ (ಏಟು ತಾಗಲು ಮುಟ್ಟಬೇಕಾದ ಅಂಕ) 15, ಹಿಟ್ ಪಾಯಿಂಟ್ (ಬೀಳುವ ಮೊದಲು ತಾಳಬಲ್ಲ ಪೆಟ್ಟು) 7. ಏಟು ಬೀಳುವುದು ಶೇ. 55. ಲಾಂಗ್‌ಸ್ವೋರ್ಡ್ 1ಡಿ8ಕ್ಕೆ ಮೂರು ಕೂಡಿಸಿದರೆ ಸರಾಸರಿ 7.5. ಲೆಕ್ಕ ಹಾಕಿದರೆ ಒಂದೇ ಸರದಿಯಲ್ಲಿ ಗಾಬ್ಲಿನ್ ಬೀಳುವ ಸಾಧ್ಯತೆ ಸುಮಾರು ಶೇ. 36. ಇದು ಚುರುಕಾದ ಆಟ. ಮೂರು ಸರದಿಗೊಮ್ಮೆ ಏನೋ ಒಂದು ನಿಜವಾಗಿ ಬದಲಾಗುತ್ತದೆ.

ಅದೇ ಫೈಟರ್ ಎದುರು ಓಗರ್ ಎಂಬ ದೈತ್ಯ ಬರಲಿ. ಆರ್ಮರ್ ಕ್ಲಾಸ್ ಬರೀ 11, ಹಿಟ್ ಪಾಯಿಂಟ್ 59. ಏಟು ಬೀಳುವುದು ಶೇ. 75. ಕ್ರಿಟಿಕಲ್ (20 ಬಿದ್ದಾಗ ಪೆಟ್ಟಿನ ದಾಳ ಇಮ್ಮಡಿ) ಸೇರಿಸಿದರೂ ಸರದಿಗೆ ಸರಾಸರಿ ಆರು ಹಿಟ್ ಪಾಯಿಂಟ್ ಇಳಿಯುವುದಿಲ್ಲ. ಅದನ್ನು ಬೀಳಿಸಲು ಇಂಥ ಹತ್ತು ದಾಳಿ ಬೇಕು. ಈ ಹತ್ತರಲ್ಲಿ ಒಂಬತ್ತು ದಾಳಿ ಓಗರ್‌ನ ಸ್ಥಿತಿಯನ್ನು ಏನೂ ಬದಲಿಸುವುದಿಲ್ಲ. 59 ಇದ್ದಾಗ ಅದು ಹೇಗೆ ಹೊಡೆಯುತ್ತಿತ್ತೋ 1 ಉಳಿದಾಗಲೂ ಹಾಗೇ ಹೊಡೆಯುತ್ತದೆ. ನಿಮ್ಮ ಸಮಯ ಹೋಗುತ್ತಿರುವುದು ಇಲ್ಲಿ. ದಾಳ ಬೀಳುತ್ತದೆ, ಅಂಕಿ ಕಳೆಯುತ್ತೀರಿ, ಆದರೆ ಮೇಜಿನ ಮೇಲಿನ ಚಿತ್ರ ಹಾಗೇ ಇರುತ್ತದೆ.

ಇನ್ನೊಂದು ಮಾತು. ಮೂವತ್ತು, ನಲವತ್ತು ಸಲ ದಾಳ ಹಾಕಿದ ಮೇಲೆ ಅದೃಷ್ಟ ತಾನಾಗಿ ಸಮವಾಗುತ್ತದೆ. ಒಂದೊಂದು ದಾಳ ಎಷ್ಟೇ ಹಾರಾಡಿದರೂ ಇಡೀ ಕಾಳಗದ ಮೊತ್ತ ಬೆಲ್ ಕರ್ವ್ ಆಗಿಯೇ ಬರುತ್ತದೆ. "ಬರೀ ಅದೃಷ್ಟ" ಎಂದು ನಿಮ್ಮ ಗೆಳೆಯರು ಬೈಯುವ ಆಟದಲ್ಲಿ ಯಾರು ಗೆಲ್ಲುತ್ತಾರೆ ಎಂದು ಮೊದಲ ಎರಡು ಸುತ್ತಿನಲ್ಲೇ ಗೊತ್ತಾಗಿಬಿಡುವುದು ಇದರಿಂದಲೇ. ಆಮೇಲಿನ ಒಂದು ಗಂಟೆ ಸುಮ್ನೆ ಲೆಕ್ಕ ಮುಗಿಸುವ ಕೆಲಸ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟ ತಂದಾಗ ಅದರ ಬೇರು ಪುಟ್ಟ ಸೈನಿಕರ ಬೊಂಬೆ ಇಟ್ಟು ಆಡುವ ಯುದ್ಧದ ಆಟಗಳಲ್ಲಿತ್ತು. ಸೈನ್ಯಗಳನ್ನು ಸವೆಸುವ ಲೆಕ್ಕ ಒಬ್ಬ ವೀರನ ಮೈಗೆ ಬಂದು ಕೂತಿತು. ಇದನ್ನು ತಪ್ಪು ಎಂದು ನಾನು ಹೇಳುವುದಿಲ್ಲ. ಸಾವು ನಿಧಾನಕ್ಕೆ ಬರುವುದರಿಂದಲೇ ಆಡುವವರು ಧೈರ್ಯವಾಗಿ ನುಗ್ಗುತ್ತಾರೆ. ಅದರ ಬೆಲೆ ಸಮಯ.

ಇನ್ನು ಮೂರು ದಾಳದ ದೊಡ್ಡ ಆಟ, ಸ್ಟೀವ್ ಜಾಕ್ಸನ್ 1986ರಲ್ಲಿ ತಂದ ಗರ್ಪ್ಸ್. ಇಲ್ಲಿ ಒಂದು ಸರದಿ ಎಂದರೆ ಒಂದು ಸೆಕೆಂಡ್. ಹೊಡೆಯುವವನು ತನ್ನ ಸ್ಕಿಲ್‌ಗಿಂತ ಕಡಿಮೆ ಅಥವಾ ಸಮ ಹಾಕಬೇಕು. ಆಮೇಲೆ ಎದುರಾಳಿ ತಪ್ಪಿಸಿಕೊಳ್ಳಲು ದಾಳ ಹಾಕುತ್ತಾನೆ: ಪಕ್ಕಕ್ಕೆ ಸರಿಯಬಹುದು, ಕತ್ತಿಯಿಂದ ತಡೆಯಬಹುದು, ಗುರಾಣಿ ಒಡ್ಡಬಹುದು. ಅದೂ ದಾಟಿದರೆ ಪೆಟ್ಟಿನ ದಾಳ, ಅದರಲ್ಲಿ ಕವಚದ ಅಂಕ ಕಳೆಯಬೇಕು.

ನಾನು ಮೊದಲ ಸಲ ಇದನ್ನು ನಡೆಸಿದಾಗ ಇಬ್ಬರು ನುರಿತ ಕತ್ತಿವೀರರ ಜಗಳ ಇಟ್ಟಿದ್ದೆ. ಇಬ್ಬರಿಗೂ ದಾಳಿ 14, ತಡೆ 12. ಕಾಗದದ ಮೇಲೆ ಎಷ್ಟು ಚೆನ್ನಾಗಿ ಕಂಡಿತ್ತು! ದಾಳಿ ಶೇ. 90 ಸಲ ಗೆಲ್ಲುತ್ತದೆ, ತಡೆ ಶೇ. 74 ಸಲ ಗೆಲ್ಲುತ್ತದೆ. ಹಾಗಾಗಿ ನಾಲ್ಕು ಏಟಿಗೆ ಒಂದು ಒಳಗೆ ಹೋಗುತ್ತದೆ, ಅದನ್ನೂ ಕವಚ ತಿನ್ನುತ್ತದೆ. ಆ ದಿನ ಮುಕ್ಕಾಲು ಗಂಟೆ ಬರೀ ಕತ್ತಿಗೆ ಕತ್ತಿ ತಾಗಿಸಿದೆವು. ತಪ್ಪು ನಿಯಮದ್ದಲ್ಲ, ನನ್ನದು. ಹುಸಿ ಏಟು ತೋರಿಸುವುದು, ತನ್ನ ದಾಳಿಯನ್ನೇ ಕಷ್ಟ ಮಾಡಿಕೊಂಡು ಎದುರಾಳಿಯ ತಡೆಯನ್ನು ಇಳಿಸುವುದು, ಪಕ್ಕದಿಂದ ನುಗ್ಗುವುದು, ಇಂಥವಕ್ಕೆಲ್ಲ ಆ ಆಟದಲ್ಲಿ ನಿಯಮಗಳಿವೆ. ಅವನ್ನು ಬಳಸದೆ "ಹೊಡೀತೀನಿ, ಹೊಡೀತೀನಿ" ಎಂದರೆ ಗರ್ಪ್ಸ್ ನಿಮ್ಮ ಈಗಿನ ಆಟಕ್ಕಿಂತ ನಿಧಾನ. ಬಳಸಿದರೆ ಒಂದು ಒಳ್ಳೆ ಏಟಿಗೇ ಜಗಳ ಮುಗಿಯಬಹುದು. ಏಟು ತಿಂದವನ ಮುಂದಿನ ಸೆಕೆಂಡೇ ಕೆಡುತ್ತದೆ, ಕೈ ನಡುಗುತ್ತದೆ. ನಿಮ್ಮ ಗೆಳೆಯರು ಹುಡುಕುತ್ತಿರುವ "ನಿಜ" ಇರುವುದು ಇಲ್ಲಿ, ಗಾಯಕ್ಕೆ ಪರಿಣಾಮ ಇರುವುದರಲ್ಲಿ. ಮೂರು ದಾಳ ಅಲ್ಲಿ ಬರೀ ಜೊತೆಗಾರ.

ಆ ರುಚಿ ಬೇಕಿದ್ದು ಇಷ್ಟು ನಿಯಮ ಓದುವ ತಾಳ್ಮೆ ಇಲ್ಲದಿದ್ದರೆ ನೂರರ ದಾಳದ (1ರಿಂದ 100ರವರೆಗೆ ಅಂಕಿ ಬೀಳುವ) ಆಟಗಳಿವೆ. 1978ರ ರೂನ್‌ಕ್ವೆಸ್ಟ್‌ನಿಂದ ಶುರುವಾದ ದಾರಿ ಇದು. 1981ರಲ್ಲಿ ಸ್ಯಾಂಡಿ ಪೀಟರ್ಸನ್ ಬರೆದ ಕಾಲ್ ಆಫ್ ಕ್ಥುಲ್ಹು ಅದೇ ದಾರಿಯದು. ಈ ದಾಳದ ದೊಡ್ಡ ಗುಣ ಅದರ ನೇರತನ. ಹಾಳೆಯಲ್ಲಿ 60 ಎಂದು ಬರೆದಿದ್ದರೆ ನೂರಕ್ಕೆ ಅರವತ್ತು. ಯಾರಿಗೂ ಏನೂ ವಿವರಿಸಬೇಕಿಲ್ಲ. ಏಳನೇ ಆವೃತ್ತಿಯಲ್ಲಿ ಅದರ ಅರ್ಧ 30, ಐದನೇ ಒಂದು ಭಾಗ 12 ಎಂದು ಪಕ್ಕದಲ್ಲೇ ಬರೆದುಕೊಳ್ಳುತ್ತಾರೆ. ಅಷ್ಟರೊಳಗೆ ಬಿದ್ದರೆ ಇನ್ನೂ ಮೇಲಿನ ಗೆಲುವು.

ಅದರ ಕಾಳಗ ನನಗೆ ತುಂಬಾ ಇಷ್ಟ. ನಿಮ್ಮ ಮೇಲೆ ಯಾರಾದರೂ ಕೈ ಎತ್ತಿದರೆ ನೀವು ತಪ್ಪಿಸಿಕೊಳ್ಳಬಹುದು ಅಥವಾ ತಿರುಗಿ ಹೊಡೆಯಬಹುದು. ಇಬ್ಬರೂ ಒಟ್ಟಿಗೆ ದಾಳ ಹಾಕುತ್ತೀರಿ. ತಿರುಗಿ ಹೊಡೆದು ನೀವು ಮೇಲಾದರೆ ದಾಳಿ ಮಾಡಿದವನಿಗೇ ಪೆಟ್ಟು. ಅಂದರೆ "ತಪ್ಪಿತು, ಮುಂದಿನವರು" ಅನ್ನುವ ಸಪ್ಪೆ ಸರದಿ ಕಡಿಮೆ. ಹಿಟ್ ಪಾಯಿಂಟ್ ಕೂಡ ಬೆಳೆಯುವುದಿಲ್ಲ. ಮೈಕಟ್ಟು 60, ಗಾತ್ರ 60 ಇದ್ದವನಿಗೆ 12. ಒಂದೇ ಏಟಿನಲ್ಲಿ ಅದರ ಅರ್ಧ ಹೋದರೆ ದೊಡ್ಡ ಗಾಯ, ನೆಲಕ್ಕೆ ಬೀಳುತ್ತಾನೆ, ಪ್ರಜ್ಞೆ ಉಳಿಸಿಕೊಳ್ಳಲು ಮತ್ತೆ ದಾಳ. 1ಡಿ10 ಪೆಟ್ಟಿನ ಪಿಸ್ತೂಲಿನ ಒಂದು ಗುಂಡು ತಾಗಿದರೆ ಹೀಗಾಗುವುದು ಎರಡರಲ್ಲಿ ಒಂದು ಸಲ. ಇಂಥ ಆಟದಲ್ಲಿ ಕಾಳಗ ಹತ್ತು ನಿಮಿಷ ದಾಟುವುದು ಕಷ್ಟ, ಯಾಕೆಂದರೆ ಜನ ಜಗಳಕ್ಕೆ ಹೋಗುವ ಮೊದಲೇ ಯೋಚಿಸುತ್ತಾರೆ.

ನೂರರ ದಾಳದ ಇನ್ನೊಂದು ಜಾಣತನ ಹೇಳದೆ ಇರಲಾರೆ. ವಾರ್‌ಹ್ಯಾಮರ್ ಫ್ಯಾಂಟಸಿ ಆಟದಲ್ಲಿ ಏಟು ಎಲ್ಲಿ ಬಿತ್ತು ಎಂದು ತಿಳಿಯಲು ಬೇರೆ ದಾಳ ಹಾಕಬೇಕಿಲ್ಲ. ಬಿದ್ದ ಅಂಕಿಯನ್ನೇ ತಿರುವಿ ಓದಿದರೆ ಆಯಿತು. 27 ಬಿದ್ದರೆ 72, ಅಂದರೆ ಮುಂಡ. ಒಂದೇ ದಾಳದಿಂದ ಎರಡು ಉತ್ತರ. ಇದನ್ನು ಯೋಚಿಸಿದವರಿಗೆ ನಾನು ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಕೈತುಂಬ ದಾಳ ಬೇಕು ಎನ್ನುವ ನಿಮ್ಮ ಗೆಳತಿಗೆ ನನ್ನ ಪೂರ್ತಿ ಸಹಾನುಭೂತಿ ಇದೆ. ಹನ್ನೆರಡು ದಾಳ ಒಟ್ಟಿಗೆ ಮೇಜಿನ ಮೇಲೆ ಉರುಳುವ ಸದ್ದು ಬೇರೇನೇ. 1989ರ ಶ್ಯಾಡೋರನ್, 1991ರ ವ್ಯಾಂಪೈರ್ ಈ ದಾರಿಯ ಹೆಸರಾದ ಆಟಗಳು. ಶ್ಯಾಡೋರನ್‌ನ 2005ರ ನಾಲ್ಕನೇ ಆವೃತ್ತಿಯಿಂದ ನಿಯಮ ಸರಳ: ಪ್ರತಿ ದಾಳದಲ್ಲಿ 5 ಅಥವಾ 6 ಬಿದ್ದರೆ ಒಂದು ಗೆಲುವು. ಹನ್ನೆರಡು ದಾಳಕ್ಕೆ ಸರಾಸರಿ ನಾಲ್ಕು. ಗೆಲುವಿಗೆ ಅಳತೆ ಇರುವುದು ಇದರ ಸೊಗಸು. ಬರೀ ಹೌದು ಅಲ್ಲ, ಎಷ್ಟು ಹೌದು ಅನ್ನುವುದೂ ಗೊತ್ತಾಗುತ್ತದೆ. ಆದರೆ ಒಂದು ಗುಂಡು ಹಾರಿಸಿದರೆ ಹಾರಿಸಿದವನು ಒಂದು ಕೈತುಂಬ, ತಪ್ಪಿಸಿಕೊಳ್ಳುವವನು ಒಂದು ಕೈತುಂಬ, ತಾಗಿದರೆ ಪೆಟ್ಟು ತಾಳಿಕೊಳ್ಳಲು ಮತ್ತೊಂದು ಕೈತುಂಬ. ಮೂರು ಸಲ ಎಣಿಸಬೇಕು. ನಿಮ್ಮ ಒಂದೂವರೆ ಗಂಟೆಗೆ ಇದು ಮದ್ದಲ್ಲ.

6 ಬಿದ್ದರೆ ಮತ್ತೆ ಹಾಕಿ ಕೂಡಿಸುವ ನಿಯಮದ ಬಗ್ಗೆಯೂ ಒಂದು ಎಚ್ಚರಿಕೆ. ಖುಷಿ ಕೊಡುತ್ತದೆ, ಲೆಕ್ಕದಲ್ಲಿ ಕುಂಟುತ್ತದೆ. ಶ್ಯಾಡೋರನ್‌ನ ಹಳೆಯ ಆವೃತ್ತಿಗಳಲ್ಲಿ ಗುರಿ 6 ಇದ್ದರೂ 7 ಇದ್ದರೂ ಸಾಧ್ಯತೆ ಒಂದೇ, ಆರರಲ್ಲಿ ಒಂದು. 6 ಬಿದ್ದು ಮತ್ತೆ ಹಾಕಿದರೆ ಕನಿಷ್ಠ 7 ಆಗಿಯೇ ಆಗುತ್ತದಲ್ಲ! 2003ರಲ್ಲಿ ಬಂದ ಸ್ಯಾವೇಜ್ ವರ್ಲ್ಡ್ಸ್‌ನಲ್ಲೂ ಇಂಥದ್ದೊಂದಿದೆ. ಅಲ್ಲಿ ಸ್ಕಿಲ್ ಬೆಳೆದಂತೆ ದಾಳ ದೊಡ್ಡದಾಗುತ್ತದೆ: 4 ಮುಖ, 6 ಮುಖ, ಹೀಗೆ 12ರವರೆಗೆ. ದಾಳದ ಅತಿ ದೊಡ್ಡ ಅಂಕಿ ಬಿದ್ದರೆ ಮತ್ತೆ ಹಾಕಿ ಕೂಡಿಸುತ್ತಾರೆ. ಆದರೆ 6 ಮುಟ್ಟಬೇಕಾದಾಗ ಆರು ಮುಖದ ದಾಳಕ್ಕೆ ಶೇ. 16.7, ನಾಲ್ಕು ಮುಖದ ದಾಳಕ್ಕೆ ಶೇ. 18.75. ಕಡಿಮೆ ಕಲಿತವನೇ ಒಂದು ಕೂದಲೆಳೆ ಮುಂದೆ. ಆದರೂ ಈ ಆಟವನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಕಥಾನಾಯಕರಿಗೆ ಪಕ್ಕದಲ್ಲಿ ಯಾವಾಗಲೂ ಆರು ಮುಖದ ಇನ್ನೊಂದು ದಾಳ ಸಿಗುತ್ತದೆ, ಎರಡರಲ್ಲಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಮಾಮೂಲಿ ಶತ್ರುಗಳಿಗೆ ಹಿಟ್ ಪಾಯಿಂಟೇ ಇಲ್ಲ, ಒಂದು ಗಾಯಕ್ಕೆ ಬೀಳುತ್ತಾರೆ. ಅಂಕಿ ಕಳೆಯುವ ಕೆಲಸವೇ ಹೋಯಿತು.

ಫೇಟ್ ಆಟದ, ಮುಖಗಳ ಮೇಲೆ ಕೂಡು, ಕಳೆ, ಖಾಲಿ ಗುರುತಿರುವ ದಾಳಗಳನ್ನು ಇಲ್ಲಿ ಬಿಡುತ್ತೇನೆ. ನಾಲ್ಕು ದಾಳದ ಮೊತ್ತ ಹೆಚ್ಚಾಗಿ ಸೊನ್ನೆಯ ಸುತ್ತಲೇ ಸುಳಿಯುತ್ತದೆ. ಕಾಳಗವೇ ಮುಖ್ಯವಾದ ನಿಮ್ಮ ಗುಂಪಿಗೆ ಅದು ಸಪ್ಪೆ ಅನ್ನಿಸಬಹುದು.

ಏಟು ತಪ್ಪಿದರೆ ಏನಾಗುತ್ತದೆ ಅನ್ನುವ ಪ್ರಶ್ನೆಗೆ ನನ್ನ ಮಟ್ಟಿಗೆ ಒಳ್ಳೆಯ ಉತ್ತರ ಬಂದದ್ದು 2010ರಲ್ಲಿ, ವಿನ್ಸೆಂಟ್ ಬೇಕರ್ ಅವರ ಅಪೋಕ್ಯಾಲಿಪ್ಸ್ ವರ್ಲ್ಡ್ ಆಟದಲ್ಲಿ. ಆರು ಮುಖದ ಎರಡು ದಾಳ, ಅದಕ್ಕೊಂದು ಸಣ್ಣ ಅಂಕ. ಮೊತ್ತ 10 ಅಥವಾ ಹೆಚ್ಚಾದರೆ ಬೇಕಾದ್ದು ಸಿಕ್ಕಿತು. 7ರಿಂದ 9 ಆದರೆ ಸಿಕ್ಕಿತು, ಆದರೆ ಏನೋ ಕಳೆದುಕೊಂಡಿರಿ. 6 ಅಥವಾ ಕಡಿಮೆಯಾದರೆ ಗೇಮ್ ಮಾಸ್ಟರ್ ಕೈಗೆ ಮಾತು ಹೋಗುತ್ತದೆ, ಪರಿಸ್ಥಿತಿ ಕೆಡುತ್ತದೆ. ಏನೂ ಕೂಡಿಸದಿದ್ದರೆ ಪೂರ್ತಿ ಗೆಲುವು ಶೇ. 16.7, ನಡುವಿನದು 41.7, ಕೆಳಗಿನದೂ 41.7. ಎರಡು ಕೂಡಿಸಿದರೆ ಗೆಲುವು ಮತ್ತು ಸೋಲಿನ ಅಂಕಿಗಳು ಅದಲುಬದಲಾಗುತ್ತವೆ, ನಡುವಿನದು ಅಲ್ಲೇ ಇರುತ್ತದೆ. ಆ ನಡುವಿನ ಪಾಲು ಗಮನಿಸಿ. ಕಥೆ ಹುಟ್ಟುವುದು ಅಲ್ಲಿ. ಇಲ್ಲಿ ಗೇಮ್ ಮಾಸ್ಟರ್ ದಾಳವನ್ನೇ ಮುಟ್ಟುವುದಿಲ್ಲ, ಸರದಿಯ ಪಟ್ಟಿಯೂ ಇಲ್ಲ.

ಇಕ್ಕಟ್ಟಾದ ಸೇತುವೆಯ ಮೇಲೆ ಒಬ್ಬ ಕಾವಲುಗಾರ ನಿಂತಿದ್ದಾನೆ ಅಂದುಕೊಳ್ಳಿ. ನಿಮ್ಮ ನಾಯಕಿ ಅವನನ್ನು ದಾಟಿ ಹೋಗಬೇಕು. ಐದನೇ ಆವೃತ್ತಿಯಲ್ಲಿ ಅವಳ ಏಟು ತಪ್ಪಿದರೆ ಸೇತುವೆ ಅಲ್ಲೇ, ಕಾವಲುಗಾರ ಅಲ್ಲೇ, ಅವಳೂ ಅಲ್ಲೇ. ಅಪೋಕ್ಯಾಲಿಪ್ಸ್ ವರ್ಲ್ಡ್‌ನಲ್ಲಿ 8 ಬಿದ್ದರೆ ಅವಳು ದಾಟಿದಳು, ಕತ್ತಿ ಮಾತ್ರ ಹೊಳೆಗೆ ಬಿತ್ತು. 5 ಬಿದ್ದರೆ ಹಲಗೆ ಮುರಿದು ಇಬ್ಬರೂ ಹಗ್ಗಕ್ಕೆ ಜೋತುಬಿದ್ದರು. ಒಂದು ಸಲ ದಾಳ ಹಾಕಿದರೆ ಚಿತ್ರ ಬದಲಾಗಿಯೇ ತೀರುತ್ತದೆ. ಕೈಗೆ ದಾಳವೂ ಬೇಕು, ಈ ಗುಣವೂ ಬೇಕು ಅಂದರೆ ಜಾನ್ ಹಾರ್ಪರ್ ಅವರ ಬ್ಲೇಡ್ಸ್ ಇನ್ ದ ಡಾರ್ಕ್ ನೋಡಿ. ಎರಡೋ ಮೂರೋ ದಾಳ ಹಾಕಿ, ಕೂಡಿಸದೆ, ದೊಡ್ಡದೊಂದನ್ನೇ ಓದುವುದು. ಅದು 6 ಆದರೆ ಪೂರ್ತಿ, 4 ಅಥವಾ 5 ಆದರೆ ನಡುವೆ, ಅದಕ್ಕಿಂತ ಕಡಿಮೆಯಾದರೆ ಕೆಟ್ಟದು. ಮೂರು ದಾಳವಿದ್ದರೆ ಕೆಟ್ಟದ್ದು ಎಂಟರಲ್ಲಿ ಒಂದು ಸಲ. ನಿಮ್ಮ ಗೆಳತಿಗೆ ಇದನ್ನೇ ತೋರಿಸಿ.

ಇದರ ಭಾರವನ್ನೂ ಹೇಳಬೇಕು. ಪ್ರತಿ ನಡುವಿನ ಗೆಲುವಿಗೂ ಹೊಸ ತೊಂದರೆ ಹುಟ್ಟಿಸುವುದು ಗೇಮ್ ಮಾಸ್ಟರ್ ಕೆಲಸ, ಅಂದರೆ ನಿಮ್ಮದು. ಎರಡು ಗಂಟೆ ಕಳೆಯುವಷ್ಟರಲ್ಲಿ ತಲೆ ಬರಿದಾಗುತ್ತದೆ. ಲೆಕ್ಕದ ಸುಸ್ತು ಹೋಗಿ ಕಲ್ಪನೆಯ ಸುಸ್ತು ಬರುತ್ತದೆ. ಯಾವುದು ನಿಮಗೆ ಹಗುರ ಅನ್ನುವುದನ್ನು ನೀವೇ ಆಡಿ ನೋಡಬೇಕು.

ದಾಳಿಯ ದಾಳವನ್ನೇ ತೆಗೆದು ಹಾಕಿದವರೂ ಇದ್ದಾರೆ. ಕ್ರಿಸ್ ಮೆಕ್‌ಡೊವಾಲ್ ಅವರ ಇಂಟು ದಿ ಆಡ್‌ನಲ್ಲಿ ಹೊಡೆದರೆ ತಾಗಿತು ಎಂದೇ ಅರ್ಥ. ನೇರ ಪೆಟ್ಟಿನ ದಾಳ, ಕವಚದ ಅಂಕ ಕಳೆಯಿರಿ, ಮುಗಿಯಿತು. ನಿಮ್ಮ ಗುಂಪಿಗೆ ಮೊದಲ ದಿನ ಇದು ಬರಿಗಾಲಲ್ಲಿ ಓಡಿದ ಹಾಗೆ ಅನ್ನಿಸುತ್ತದೆ. ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನಲ್ಲಿದೆ 2019ರ ಪಾತ್‌ಫೈಂಡರ್ ಎರಡನೇ ಆವೃತ್ತಿ. ಸರದಿಗೆ ಮೂರು ಕೆಲಸ. ಎರಡನೇ ದಾಳಿಗೆ ಐದು ಅಂಕ, ಮೂರನೆಯದಕ್ಕೆ ಹತ್ತು ಅಂಕ ಕಡಿತ. ಹಾಗಾಗಿ ಮೂರು ಸಲವೂ ಹೊಡೆಯುವುದು ದಡ್ಡತನ. ಸರಿಯಬೇಕು, ಗುರಾಣಿ ಎತ್ತಬೇಕು. ಗುರಿಗಿಂತ ಹತ್ತು ಹೆಚ್ಚು ಬಿದ್ದರೆ ಕ್ರಿಟಿಕಲ್. ಅದೇ ಇಪ್ಪತ್ತರ ದಾಳ, ಆದರೆ ಬಿದ್ದ ಅಂಕಿಗೆ ಜಾಸ್ತಿ ಅರ್ಥ. ಕಾಳಗ ಚಿಕ್ಕದಾಗುವುದಿಲ್ಲ, ಒಳಗೆ ತುಂಬಿಕೊಳ್ಳುತ್ತದೆ. ನಿಮ್ಮವರು ಬೇಸರಪಡುತ್ತಿರುವುದು ಗಂಟೆಗಳಿಗೋ ಅಥವಾ ಆ ಗಂಟೆಗಳಲ್ಲಿ ಯೋಚಿಸಲು ಏನೂ ಇಲ್ಲದ್ದಕ್ಕೋ? ಎರಡನೆಯದಾದರೆ ಪಾತ್‌ಫೈಂಡರ್ ಸರಿಹೋಗುತ್ತದೆ.

ಆಟ ಬದಲಾಯಿಸುವ ಮೊದಲು ಈಗಿನದರಲ್ಲೇ ಮೂರು ಕೆಲಸ ಮಾಡಿ. ದಾಳಿಯ ದಾಳ, ಪೆಟ್ಟಿನ ದಾಳ ಎರಡನ್ನೂ ಒಟ್ಟಿಗೆ ಹಾಕಿ. ಶತ್ರುಗಳ ಪೆಟ್ಟಿಗೆ ದಾಳವೇ ಬೇಡ, ಪುಸ್ತಕದಲ್ಲಿ ಅಚ್ಚಾಗಿರುವ ಸರಾಸರಿ ಬಳಸಿ. ಓಗರ್ ಹೊಡೆದರೆ 13, ಆಯಿತು. ಮೂರನೆಯದು ನನಗೆ ತುಂಬಾ ಬೇಕಾದದ್ದು: ನಿಮ್ಮದೇ ಆಟದ 1981ರ ಬೇಸಿಕ್ ಆವೃತ್ತಿಯ ಮೊರೇಲ್ ನಿಯಮ. ಪ್ರತಿ ಶತ್ರುವಿಗೂ 2ರಿಂದ 12ರವರೆಗೆ ಒಂದು ಧೈರ್ಯದ ಅಂಕ. ಮೊದಲನೆಯವನು ಸತ್ತಾಗ ಒಮ್ಮೆ, ಅರ್ಧ ಜನ ಬಿದ್ದಾಗ ಇನ್ನೊಮ್ಮೆ, ಆರು ಮುಖದ ಎರಡು ದಾಳ ಹಾಕಿ. ಧೈರ್ಯಕ್ಕಿಂತ ಹೆಚ್ಚು ಬಿದ್ದರೆ ಉಳಿದವರು ಓಡುತ್ತಾರೆ ಅಥವಾ ಶರಣಾಗುತ್ತಾರೆ. ಧೈರ್ಯ 7 ಇದ್ದ ಗಾಬ್ಲಿನ್‌ಗಳು ಮೊದಲ ಸಾವಿಗೇ ಕಾಲು ಕೀಳುವುದು ಶೇ. 41.7. ಲೆಕ್ಕ ಮುಗಿಸುವ ಆ ಕೊನೆಯ ಗಂಟೆ ಇಲ್ಲೇ ಹೋಗುತ್ತದೆ. ಜೊತೆಗೆ ಓಡಿ ಹೋದವರು ಮುಂದಿನ ವಾರ ಮತ್ತೆ ಬರಬಹುದು.

ಇಷ್ಟಾದ ಮೇಲೂ ಹೊಸ ಆಟ ಬೇಕು ಅನ್ನಿಸಿದರೆ ಒಂದು ಸಂಜೆ ಇಡಿ. ಆ ಸೇತುವೆಯ ದೃಶ್ಯವನ್ನೇ ಮೂರು ಆಟದಲ್ಲಿ ಆಡಿ: ನಿಮ್ಮ ಈಗಿನದು, ಕಾಲ್ ಆಫ್ ಕ್ಥುಲ್ಹು, ಬ್ಲೇಡ್ಸ್. ಒಬ್ಬರು ಪಕ್ಕದಲ್ಲಿ ಕೂತು ಎರಡೇ ವಿಷಯ ಬರೆದುಕೊಳ್ಳಲಿ. ಎಷ್ಟು ಸಲ ದಾಳ ಬಿತ್ತು, ಅದರಲ್ಲಿ ಎಷ್ಟು ಸಲ ಸೇತುವೆಯ ಮೇಲಿನ ಚಿತ್ರ ಬದಲಾಯಿತು. ಆ ಬರೆಯುವ ಕೆಲಸವನ್ನು ಮೂರು ದಾಳದ ಗೆಳೆಯರಿಗೇ ಕೊಡಿ.